ಟಿವಿ ಹಿಂದಿನ ಸ್ವಿಚ್‌ಗೆ ಕೈ ಎಟುಕಲ್ಲ, ಯೂನಿಟ್ ಮಾತ್ರ 200 ದಾಟ್ತಿದೆ

ಕುವೆಂಪುನಗರದ ಅಜ್ಜಿ:
ನಮಸ್ಕಾರ. ಮೈಸೂರಲ್ಲಿ ನಾವು ನಾಲ್ಕು ಜನ. ಗೃಹಜ್ಯೋತೀಲಿ 2022-23ರ ತಿಂಗಳ ಸರಾಸರಿ ಬಳಕೆಗೆ ಹತ್ತು ಪರ್ಸೆಂಟ್ ಸೇರಿಸಿ ನಮಗೆ ಪುಕ್ಕಟೆ ಸಿಕ್ಕಿರೋದು 196 ಯೂನಿಟ್ ಕರೆಂಟು. ಹೋದ ತಿಂಗಳು 207 ಆಯ್ತು. 200ರ ಒಳಗಿದ್ದಿದ್ರೆ ಮೇಲಿನ ನಾಲ್ಕಕ್ಕೆ ಕೊಟ್ರೆ ಆಗ್ತಿತ್ತು, ದಾಟಿದ್ದಕ್ಕೆ ಪೂರ್ತಿ 207ಕ್ಕೂ ಕಟ್ಟಿದ್ವಿ. ಸಾವಿರದ ಆರುನೂರು ಚಿಲ್ಲರೆ! ಹೊಟ್ಟೆ ಉರಿದುಹೋಯ್ತು.

ಟಿವಿ ಯೂನಿಟ್ ಮಾಡಿಸಿದಾಗ ಕಾರ್ಪೆಂಟರ್ ಪ್ಲಗ್ ಪಾಯಿಂಟನ್ನ ಹಲಗೆ ಹಿಂದೆ ಮುಚ್ಚಿಬಿಟ್ಟ. ಟಿವಿ, ಸೆಟ್ ಟಾಪ್ ಬಾಕ್ಸ್, ಹೋಮ್ ಥಿಯೇಟರ್ ಎಲ್ಲಾ ರಿಮೋಟಲ್ಲೇ ಆಫ್. ರಾತ್ರಿ ನೀರು ಕುಡಿಯಕ್ಕೆ ಎದ್ರೆ ಹಾಲಲ್ಲಿ ಕೆಂಪು ಚುಕ್ಕೆಗಳು, ದೇವರ ಮನೆ ನಂದಾದೀಪಕ್ಕಿಂತ ಜೋರು. ಸ್ವಿಚ್ ಇರೋ ಎಕ್ಸ್‌ಟೆನ್ಷನ್ ಬೋರ್ಡ್ ತಂದು ಕೈಗೆ ಸಿಗೋ ಹಾಗೆ ಇಟ್ರೆ ಏಳೆಂಟು ಯೂನಿಟ್ ಇಳಿಯುತ್ತಾ? ಮಗ "ಹತ್ರುಪಾಯಿ ಉಳಿಯಲ್ಲ ಬಿಡಮ್ಮ" ಅಂತಾನೆ.

ಮೀಟರ್ ನೋಡೋನು:
ಅಮ್ಮಾ, ಬೋರ್ಡ್ ತರೋ ಮೊದಲು ಅಳೀರಿ. ಫ್ರಿಜ್, ಫ್ಯಾನು, ಲೈಟು, ಯುಪಿಎಸ್ ಎಲ್ಲಾ ಆರಿಸಿ. ಟಿವಿ ಸಾಮಾನು ಮಾತ್ರ ರಿಮೋಟಲ್ಲಿ ಆಫ್ ಆದ ಹಾಗೇ ಇರಲಿ. ಮೀಟರಲ್ಲಿ ಕೆಂಪು ದೀಪ ಮಿಣಕ್ ಅನ್ನುತ್ತಲ್ಲ, ಅದರ ಹತ್ರ 3200 ಅಂತ ಇದ್ರೆ, ಅಷ್ಟು ಸಲ ಮಿಣುಕಿದ್ರೆ ಒಂದು ಯೂನಿಟ್. ಒಂದು ಮಿಣುಕಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ಎಣಿಸಿ, 1125ನ್ನ ಅದರಿಂದ ಭಾಗಿಸಿ. ಬಂದಿದ್ದೇ ವ್ಯಾಟ್. ಮೀಟರಲ್ಲಿ ಬೇರೆ ಸಂಖ್ಯೆ ಇದ್ರೆ 1125 ಬದಲು, 36 ಲಕ್ಷವನ್ನ ಆ ಸಂಖ್ಯೆಯಿಂದ ಭಾಗಿಸಿದ್ದನ್ನ ತಗೊಳ್ಳಿ. ಹತ್ತು ವ್ಯಾಟ್ ಹಗಲೂ ರಾತ್ರಿ ಎಳೆದ್ರೆ ತಿಂಗಳಿಗೆ 7.2 ಯೂನಿಟ್.

ವೈರಿಂಗ್ ಅಣ್ಣ, ಹಾಸನ:
ಸೆಟ್ ಟಾಪ್ ಬಾಕ್ಸ್ ಮೇಲೆ ಬೆಳಗಿನ ಜಾವ ಕೈ ಇಟ್ಟು ನೋಡಿ, ಬೆಚ್ಚಗಿರುತ್ತೆ. ರಿಮೋಟ್ ಒತ್ತಿದ್ರೆ ಚಿತ್ರ ನಿಲ್ಲುತ್ತೆ ಅಷ್ಟೇ, ಒಳಗೆ ಕೆಲಸ ನಡೀತಾನೇ ಇರುತ್ತೆ. ಹೊಸ ಟಿವಿ, ಮೊಬೈಲ್ ಚಾರ್ಜರ್ ತಿನ್ನೋದು ಲೆಕ್ಕಕ್ಕಿಲ್ಲ. ಒಂದೊಂದು ಪ್ಲಗ್ಗಿಗೂ ಬೇರೆ ಸ್ವಿಚ್ ಇರೋ ಬೋರ್ಡೇ ತಗೊಳ್ಳಿ, ರೌಟರ್ ಆನ್ ಇಟ್ಟು ಮಿಕ್ಕಿದ್ದು ಆರಿಸಬಹುದು. ಇಸ್ತ್ರಿ ಪೆಟ್ಟಿಗೆ, ಹೀಟರ್ ಅದಕ್ಕೆ ಸಿಕ್ಕಿಸಬೇಡಿ. ವೈರ್ ಕಾರ್ಪೆಟ್ ಕೆಳಗೆ ಬೇಡವೇ ಬೇಡ.

ಇಂಕ್ ಸುರಿದವ:
ಇಂಕ್‌ಜೆಟ್ ಪ್ರಿಂಟರನ್ನ ಆ ಬೋರ್ಡಿಗೆ ಹಾಕ್ಬೇಡಿ. ನಾನು ದಿನಾ ಬೋರ್ಡಲ್ಲೇ ಆರಿಸ್ತಿದ್ದೆ. ಆನ್ ಮಾಡಿದಾಗಲೆಲ್ಲ ಹೆಡ್ ತೊಳ್ಕೊಳ್ಳೋಕೆ ಇಂಕ್ ಕುಡೀತಿತ್ತು. ಕರೆಂಟಲ್ಲಿ ಉಳಿದಿದ್ದು ಕಾರ್ಟ್ರಿಜ್‌ಗೆ ಹೋಯ್ತು.

ಕುವೆಂಪುನಗರದ ಅಜ್ಜಿ:
ಸ್ಟೂಲ್ ಹಾಕ್ಕೊಂಡು ಮೀಟರ್ ಮುಂದೆ ಕೂತೆ. ಪಕ್ಕದ ಮನೆಯವರು "ಏನ್ರೀ ಜಪ ಮಾಡ್ತಿದ್ದೀರಾ?" ಅಂದ್ರು. ಮಿಣುಕಿಂದ ಮಿಣುಕಿಗೆ 50 ಸೆಕೆಂಡ್, ಅಂದ್ರೆ 22.5 ವ್ಯಾಟ್. ರೌಟರ್ ಒಂದನ್ನೇ ಬಿಟ್ಟು ಎಲ್ಲಾ ಕಿತ್ತಾಗ 125 ಸೆಕೆಂಡ್, 9 ವ್ಯಾಟ್. ನಾವು ಟಿವಿ ನೋಡೋದು ಐದು ಗಂಟೆ. ಮಿಕ್ಕ 19 ಗಂಟೆ ಸ್ವಿಚ್ ಆರಿಸಿದ್ರೆ ತಿಂಗಳಿಗೆ ಏಳೂವರೆ ಯೂನಿಟ್ ಮೇಲೇ ಉಳಿಯುತ್ತೆ. ಬೋರ್ಡ್ ತಂದ್ವಿ.

ಈ ತಿಂಗಳು 198. ಮೇಲಿನ ಎರಡು ಯೂನಿಟ್‌ಗಷ್ಟೇ ದುಡ್ಡು. ಬಿಲ್ಲನ್ನ ಮಗನ ಲ್ಯಾಪ್‌ಟಾಪ್ ಮೇಲೆ ಇಟ್ಟು ಬಂದಿದ್ದೀನಿ. ನಮ್ಮನೆಯವರದ್ದು ಮಾತ್ರ ಗೊಣಗಾಟ, ಬಾಕ್ಸ್ ಕಣ್ಣು ಬಿಡೋಷ್ಟರಲ್ಲಿ ವಾರ್ತೆ ಮುಖ್ಯಾಂಶ ಮುಗಿದಿರುತ್ತಂತೆ. ಅದಕ್ಕೇ ಏಳಕ್ಕೆ ಐದು ನಿಮಿಷ ಇರೋವಾಗ್ಲೇ, ಒಗ್ಗರಣೆ ಸೌಟು ಹಿಡ್ಕೊಂಡೇ ಹೋಗಿ ಸ್ವಿಚ್ ಹಾಕಿ ಬರ್ತೀನಿ.