ಕೈ ಬೆನ್ನ ಹಿಂದಿನಿಂದ ಎದೆಯ ಮುಂದೆ ಬರುವಾಗ ಲೇಯರ್ ಕ್ರಮ ಬದಲಿಸೋದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಮೋಹೋ ಅನ್ನೋ ಟೂಡಿ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಒಂದು ಕಟ್‌ಔಟ್ ಕ್ಯಾರೆಕ್ಟರ್ (ಬಿಡಿ ತುಂಡುಗಳಿಂದ ಮಾಡಿದ ಪಾತ್ರ) ಮಾಡಿ, ಅಲುಗಿಸಲು ಬೋನ್ ಹಾಕಿ ರಿಗ್ ಮಾಡಿದ್ದೇನೆ. ಹುಡುಗಿ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಾಳೆ. ಆ ಕೈಯನ್ನು ಪಕ್ಕದಿಂದ ತಂದು ಎದೆಯ ಮುಂದೆ ಒಂದು ಲಕೋಟೆ ತೋರಿಸಬೇಕು. 24 ಫ್ರೇಮ್‌ನ ಶಾಟ್. ಕೈ ಲೇಯರ್ ಶುರುವಿನಲ್ಲಿ ಮೈ ಲೇಯರ್‌ನ ಕೆಳಗಿರಬೇಕು, ಕೊನೆಗೆ ಮೇಲಿರಬೇಕು. ಪ್ಯಾನೆಲ್‌ನಲ್ಲಿ ಎಳೆದು ಮೇಲೆ ಹಾಕಿದರೆ ಇಡೀ ಶಾಟ್‌ನಲ್ಲೂ ಮೇಲೇ ಇರುತ್ತದೆ. ಸದ್ಯಕ್ಕೆ ಎರಡು ಕೈ ಲೇಯರ್ ಇಟ್ಟು, ಒಂದನ್ನು ಅಡಗಿಸಿ ಇನ್ನೊಂದನ್ನು ತೋರಿಸುತ್ತಿದ್ದೇನೆ. ಆದರೆ ಭುಜದ ಹತ್ತಿರ ಟಕ್ ಅಂತ ಒಂದು ಜಿಗಿತ ಕಾಣುತ್ತದೆ. ಸರಿಯಾದ ದಾರಿ ಯಾವುದು?

ಉತ್ತರ: ಇದರಲ್ಲಿ ಎರಡು ತೊಂದರೆ ಸೇರಿಕೊಂಡಿವೆ. ಒಂದು ಸಾಫ್ಟ್‌ವೇರ್‌ನದು, ಅದು ಒಂದು ನಿಮಿಷದ ಕೆಲಸ. ಇನ್ನೊಂದು ಚಿತ್ರದ್ದು. ತಲೆನೋವು ಇರೋದು ಅದರಲ್ಲೇ.

ಮೊದಲು ಸುಲಭದ್ದು ಮುಗಿಸೋಣ. ಮೈ, ಕೈ ಎರಡೂ ಯಾವ ಗ್ರೂಪ್ ಅಥವಾ ಬೋನ್ ಲೇಯರ್‌ನ ಒಳಗಿವೆಯೋ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ. ಡೆಪ್ತ್ ಸಾರ್ಟ್ ಅನ್ನೋ ಟ್ಯಾಬ್ ಸಿಗುತ್ತದೆ. ಲೇಯರ್ ಕ್ರಮವನ್ನು ಅನಿಮೇಟ್ ಮಾಡಲು ಬಿಡುವ ಆಯ್ಕೆ ಅದರಲ್ಲಿದೆ, ಟಿಕ್ ಹಾಕಿ. ಆಮೇಲೆ ಬೇಕಾದ ಫ್ರೇಮ್‌ಗೆ ಹೋಗಿ ಕೈ ಲೇಯರನ್ನು ಎಳೆದು ಮೈ ಮೇಲಿಡಿ. ಅಲ್ಲೇ ಕೀ (ಆ ಫ್ರೇಮ್‌ನ ಬದಲಾವಣೆಯ ಗುರುತು) ಬೀಳುತ್ತದೆ. ಸೊನ್ನೆ ಫ್ರೇಮ್‌ನಲ್ಲಿ ನಿಂತು ಎಳೆಯಬೇಡಿ. ಮೋಹೋದಲ್ಲಿ ಸೊನ್ನೆ ಅಂದರೆ ರಿಗ್ಗಿನ ಮೂಲ ಸ್ಥಿತಿ, ಅಲ್ಲಿ ಮುಟ್ಟಿದರೆ ಬುಡವೇ ಬದಲಾಗುತ್ತದೆ. ಇನ್ನೊಂದು ಮಾತು: ಈ ಕೀ ಇರೋದು ಗ್ರೂಪ್‌ನ ಟೈಮ್‌ಲೈನ್‌ನಲ್ಲಿ. ಕೈ ಲೇಯರ್ ಆರಿಸಿಕೊಂಡು ಹುಡುಕಿದರೆ ಸಿಗೋದಿಲ್ಲ.

ಈಗ ಚಿತ್ರದ ವಿಷಯ. ಕೈಯ ಜಾಗಕ್ಕೆ ನಡುವಿನ ಸ್ಥಿತಿ ಇರುತ್ತದೆ. ಕ್ರಮಕ್ಕೆ ಇಲ್ಲ. ಒಂದು ಫ್ರೇಮ್‌ನಲ್ಲಿ ಹಿಂದೆ, ಮುಂದಿನ ಫ್ರೇಮ್‌ನಲ್ಲಿ ಮುಂದೆ, ಅಷ್ಟೇ. ಅದಕ್ಕೇ ಎರಡು ಆಕಾರಗಳು ಒಂದರ ಮೇಲೊಂದು ಬೀಳದ ಫ್ರೇಮ್ ಹುಡುಕಬೇಕು. ನಿಮ್ಮ ಶಾಟ್‌ನಲ್ಲಿ ಒಂದೊಂದೇ ಫ್ರೇಮ್ ಮುಂದೆ ಒತ್ತುತ್ತಾ ಹೋಗಿ. ಮೊಣಕೈ ಹೊರಗೆ ಚಾಚಿ, ಅಂಗೈ ಸೊಂಟದ ಗೆರೆಯನ್ನು ಪೂರ್ತಿ ದಾಟಿದ ಒಂದು ಫ್ರೇಮ್ ಸಿಗುತ್ತದೆ, ಸುಮಾರು 10 ಅಥವಾ 11ರಲ್ಲಿ. ಬದಲಾವಣೆ ಅಲ್ಲಿ. ಅಂಥ ಫ್ರೇಮ್ ಸಿಗದೇ ಹೋದರೆ ಕೈ ಸಾಗುವ ಕಮಾನನ್ನೇ ಸ್ವಲ್ಪ ದೊಡ್ಡದು ಮಾಡಿ, ಹೊರಗಿನಿಂದ ಸುತ್ತಿಕೊಂಡು ಬರಲಿ. ಚಲನೆಗೂ ಅದೇ ಚೆನ್ನ.

ಅಂಗೈ, ಮುಂಗೈಗೆ ಇಷ್ಟು ಸಾಕು. ಆದರೆ ಮೇಲ್ತೋಳು ಭುಜ ಬಿಟ್ಟು ಎಲ್ಲೂ ಹೋಗೋದಿಲ್ಲ ಅಲ್ವಾ? ನೀವು ಹೇಳಿದ ಜಿಗಿತ ಅಲ್ಲಿಂದಲೇ ಬರುತ್ತಿದೆ. ಭುಜವನ್ನು ಝೂಮ್ ಮಾಡಿ ಆ ಎರಡು ಫ್ರೇಮ್‌ಗಳ ನಡುವೆ ಹಿಂದೆ ಮುಂದೆ ಓಡಾಡಿ. ಕೈ ಕೆಳಗಿದ್ದಾಗ ಮೈಯ ಗೆರೆ ಕತ್ತಿನಿಂದ ಇಳಿದು ಭುಜ ಸುತ್ತಿ ಕಂಕುಳಿನವರೆಗೆ ಬರುತ್ತದೆ, ತೋಳಿನ ದುಂಡು ತುದಿ ಅದರ ಹಿಂದೆ ಅಡಗಿರುತ್ತದೆ. ಕೈ ಮೇಲೆ ಬಂದ ಕೂಡಲೇ ಮೈಯ ಗೆರೆ ಮುಚ್ಚಿಹೋಗುತ್ತದೆ, ತೋಳಿನ ದುಂಡು ಗೆರೆ ಎದೆಯ ಮೇಲೆ ಮೂಡುತ್ತದೆ. ಬಣ್ಣ ಒಂದೇ, ಗೆರೆ ಮಾತ್ರ ಜಾಗ ಬದಲಿಸುತ್ತದೆ. ಕಣ್ಣಿಗೆ ಹೊಡೆಯೋದು ಅದೇ.

ನಾನಾದರೆ ಮೇಲ್ತೋಳನ್ನು ಮುಟ್ಟುವುದೇ ಇಲ್ಲ. ಕೈಯನ್ನು ಮೊಣಕೈಯಲ್ಲಿ ಎರಡು ಲೇಯರ್ ಮಾಡಿ. ಮೇಲ್ತೋಳು ಇಡೀ ಶಾಟ್‌ನಲ್ಲಿ ಮೈಯ ಹಿಂದೆಯೇ ಇರಲಿ. ಮುಂಗೈ ಮಾತ್ರ ಎಲ್ಲದರ ಕೆಳಗಿನಿಂದ ಎಲ್ಲದರ ಮೇಲಕ್ಕೆ ಬರಲಿ. ಹಾಗೆ ಮಾಡಿದರೆ ಜಿಗಿತ ಭುಜದಿಂದ ಮೊಣಕೈಗೆ ಹೋಗುತ್ತದೆ ನಿಜ. ಆದರೆ ಆ ಹೊತ್ತಿಗೆ ಮೊಣಕೈ ಮೈಯಿಂದ ದೂರ ಇರುತ್ತದೆ, ಅಲ್ಲಿನ ಜಾಗವೂ ಚಿಕ್ಕದು. ಎರಡೂ ತುಂಡುಗಳ ತುದಿಯನ್ನು ಒಂದೇ ಅಳತೆಯ ವೃತ್ತ ಮಾಡಿ, ಆ ವೃತ್ತದೊಳಗೆ ಬೀಳುವ ಗೆರೆಯನ್ನು ತೆಗೆದುಬಿಡಿ. ಯಾವುದು ಮೇಲೆ ಯಾವುದು ಕೆಳಗೆ ಅಂತ ಗೊತ್ತೇ ಆಗೋದಿಲ್ಲ. ತೋಳಿಗೆ ಪಟ್ಟೆ ಡಿಸೈನ್ ಇದ್ದರೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ರಿಗ್ ಮಾಡುವ ಮುಂಚೆಯೇ ಡಿಸೈನರ್ ಹತ್ತಿರ ಜಗಳ ಆಡಿ.

ಲಕೋಟೆಗೂ ಇದೇ ಲೆಕ್ಕ. ಒಂದೇ ಲೇಯರ್‌ನ ಅಂಗೈ ಏನನ್ನೂ ಹಿಡಿಯಲಾರದು. ಕೆಳಗೆ ನಾಲ್ಕು ಬೆರಳಿನ ಅಂಗೈ, ಅದರ ಮೇಲೆ ಲಕೋಟೆ, ಅದರ ಮೇಲೆ ಹೆಬ್ಬೆರಳು. ಮೂರೂ ಒಂದೇ ಬೋನ್‌ಗೆ ಅಂಟಿರಲಿ.

ಅದೇ ಸದಸ್ಯರು: ತುಂಬಾ ಥ್ಯಾಂಕ್ಸ್ ಮೇಡಂ. ಒಂದು ತೊಡಕು. ನನ್ನ ರಿಗ್ಗಿನಲ್ಲಿ ಮೈ ಒಂದು ಗ್ರೂಪ್, ಕೈ ಇನ್ನೊಂದು ಗ್ರೂಪ್. ಮೈ ಗ್ರೂಪ್‌ನೊಳಗೆ ಅಂಗಿ, ಅದರ ಮೇಲೆ ಕೋಟು. ಮುಂದಿನ ಶಾಟ್‌ನಲ್ಲಿ ಕೈ ಕೋಟಿನ ಒಳಗೆ, ಅಂಗಿಯ ಮೇಲೆ ಹೋಗಬೇಕು. ಕೀ ಹಾಕಲು ಬಿಡುತ್ತಲೇ ಇಲ್ಲ.

ಉತ್ತರ: ಬಿಡೋದೂ ಇಲ್ಲ. ಗ್ರೂಪ್ ಅಂದರೆ ಮುಚ್ಚಿದ ಲಕೋಟೆ ಇದ್ದ ಹಾಗೆ. ಹೊರಗಿನ ಲೇಯರ್ ಅದರ ಮೇಲೆ ಕೂರಬಹುದು, ಕೆಳಗೆ ಕೂರಬಹುದು, ಒಳಗಿನ ಎರಡು ಹಾಳೆಗಳ ನಡುವೆ ನುಸುಳಲಾರದು. ಒಂದರ ನಡುವೆ ಇನ್ನೊಂದು ಬರಬೇಕಾದ ಎಲ್ಲ ತುಂಡುಗಳೂ ಒಂದೇ ಗ್ರೂಪ್‌ನ ನೇರ ಮಕ್ಕಳಾಗಿರಬೇಕು. ಅಂಗಿ, ಕೋಟು, ಮೇಲ್ತೋಳು, ಮುಂಗೈ ಎಲ್ಲವನ್ನೂ ಒಂದೇ ಬೋನ್ ಲೇಯರ್‌ನೊಳಗೆ ಸಾಲಾಗಿ ಬಿಚ್ಚಿಡಿ. ಯಾವುದು ಯಾವುದರ ಜೊತೆ ಅಲುಗಬೇಕು ಅನ್ನೋದನ್ನು ಬೋನ್ ನೋಡಿಕೊಳ್ಳುತ್ತದೆ.

ಅಚ್ಚುಕಟ್ಟಾಗಿರಲಿ ಅಂತ ಎಲ್ಲರೂ ಗ್ರೂಪ್ ಮಾಡುತ್ತಾರೆ. ಪ್ಯಾನೆಲ್ ಚೆಂದ ಕಾಣುತ್ತದೆ, ಕೈ ಒಳಗೆ ಹೋಗೋದಿಲ್ಲ. ಯಾರು ಯಾರಿಗೆ ಅಂಟಿದ್ದಾರೆ ಅನ್ನೋದೇ ಬೇರೆ, ಯಾರು ಯಾರ ಮುಂದೆ ಕಾಣುತ್ತಾರೆ ಅನ್ನೋದೇ ಬೇರೆ. ಗೇಮ್‌ಗಳಿಗೆ ಅನಿಮೇಷನ್ ಮಾಡುವ ಸ್ಪೈನ್ ಸಾಫ್ಟ್‌ವೇರ್‌ನಲ್ಲಿ ಇದು ಹುಟ್ಟಾ ಬೇರೆಯಾಗಿದೆ: ಬೋನ್‌ಗಳದ್ದೊಂದು ಮರ, ಸ್ಲಾಟ್‌ಗಳ (ಚಿತ್ರದ ತುಂಡು ಕೂರುವ ಜಾಗ) ಡ್ರಾ ಆರ್ಡರ್, ಅಂದರೆ ಯಾವುದು ಯಾವುದರ ಮುಂದೆ ಅನ್ನೋ ಕ್ರಮದ್ದು, ಇನ್ನೊಂದು ಪಟ್ಟಿ. ಉಳಿದ ಕಡೆ ನಾವೇ ಬೇರೆ ಮಾಡಿಕೊಳ್ಳಬೇಕು.

ಇನ್ನೊಬ್ಬ ಸದಸ್ಯರು: ಮೇಡಂ, ನಾನು ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾಡೋದು. ಅಲ್ಲಿ ಲೇಯರ್ ಕ್ರಮಕ್ಕೆ ಕೀ ಹಾಕುವ ಸ್ಟಾಪ್‌ವಾಚ್ ಗುಂಡಿಯೇ ಇಲ್ಲ. ಕೈ ಲೇಯರನ್ನು ತ್ರೀಡಿ ಮಾಡಿ ಅಂತ ಯಾರೋ ಹೇಳಿದರು. ಮಾಡಿದೆ, ಏನೂ ಆಗಲಿಲ್ಲ.

ಉತ್ತರ: ಕೈ ಒಂದನ್ನೇ ತ್ರೀಡಿ ಮಾಡಿರುತ್ತೀರಿ. ಮೈಯೂ ತ್ರೀಡಿ ಆಗಬೇಕು. ಟೂಡಿ ಲೇಯರ್ ಟೈಮ್‌ಲೈನ್‌ನ ಸಾಲನ್ನು ಮಾತ್ರ ನೋಡುತ್ತದೆ, ಝಡ್ (ಹಿಂದೆ ಮುಂದೆ ಎಷ್ಟು ದೂರ ಅನ್ನೋ ಸಂಖ್ಯೆ) ಅದಕ್ಕೆ ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಎರಡು ತ್ರೀಡಿ ಲೇಯರ್‌ಗಳ ನಡುವೆ ಒಂದು ಟೂಡಿ ಲೇಯರ್ ಅಥವಾ ಅಡ್ಜಸ್ಟ್‌ಮೆಂಟ್ ಲೇಯರ್ ಕೂತಿದ್ದರೂ ಸಾಲು ಮುರಿಯುತ್ತದೆ. ಅದರ ಮೇಲಿನವು ಒಂದು ಗುಂಪು, ಕೆಳಗಿನವು ಇನ್ನೊಂದು ಗುಂಪು. ಗುಂಪು ದಾಟಿ ಝಡ್ ಕೆಲಸ ಮಾಡೋದಿಲ್ಲ. ಎಲ್ಲ ಸರಿಯಾದ ಮೇಲೆ ಕೈಯ ಝಡ್ ಅನ್ನು 1ರಿಂದ ಮೈನಸ್ 1ಕ್ಕೆ ತನ್ನಿ, ಮೈನಸ್ ಅಂದರೆ ನಮ್ಮ ಕಡೆಗೆ. ಜಾಸ್ತಿ ತಂದರೆ ಕೈ ದೊಡ್ಡದಾಗಿ ಕಾಣುತ್ತದೆ. ಆ ಕೀಗಳನ್ನು ಹೋಲ್ಡ್ ಮಾಡೋದು ಮರೆಯಬೇಡಿ, ಆಗ ಸಂಖ್ಯೆ ಮೆಲ್ಲಗೆ ಜಾರದೆ ಒಮ್ಮೆಗೇ ಬದಲಾಗುತ್ತದೆ.

ಆದರೆ ನನಗೆ ತ್ರೀಡಿ ದಾರಿ ಅಷ್ಟು ಇಷ್ಟವಿಲ್ಲ. ಒಂದು ಕೈಗೋಸ್ಕರ ಇಡೀ ಕಾಂಪ್ (ಶಾಟ್‌ನ ಲೇಯರ್‌ಗಳೆಲ್ಲ ಇರುವ ಕಾಂಪೊಸಿಷನ್) ಭಾರ ಆಗುತ್ತದೆ. ಕೈಯ ಅನಿಮೇಷನ್ ಅಷ್ಟನ್ನೂ ಕಾಂಪ್‌ನ ಪೂರ್ತಿ ಅಳತೆಯ ಒಂದು ಪ್ರೀಕಾಂಪ್‌ನಲ್ಲಿ (ಕಾಂಪ್‌ನೊಳಗೆ ಲೇಯರ್ ಆಗಿ ಕೂರುವ ಇನ್ನೊಂದು ಕಾಂಪ್) ಮಾಡಿ. ಆ ಪ್ರೀಕಾಂಪನ್ನು ಎರಡು ಸಲ ಇಳಿಸಿ, ಒಂದು ಮೈಯ ಕೆಳಗೆ, ಒಂದು ಮೇಲೆ. ಕೆಳಗಿನದನ್ನು 10ನೇ ಫ್ರೇಮ್‌ಗೆ ಕತ್ತರಿಸಿ, ಮೇಲಿನದನ್ನು 11ಕ್ಕೆ ಶುರು ಮಾಡಿ. ಚಲನೆ ತಿದ್ದಿದರೆ ಎರಡೂ ಕಡೆ ತಾನಾಗಿ ಬದಲಾಗುತ್ತದೆ. ಒಂದೇ ಸಲ ಬದಲಾವಣೆ ಇದ್ದರೆ ಕಂಟ್ರೋಲ್ ಶಿಫ್ಟ್ ಡಿ ಒತ್ತಿ ಲೇಯರನ್ನು ಸೀಳಿ ನಂತರದ ಫ್ರೇಮ್‌ಗಳ ತುಂಡನ್ನು ಮೇಲಕ್ಕೆ ಎಳೆದರೂ ನಡೆಯುತ್ತದೆ. ಆದರೆ ನಿರ್ದೇಶಕರು ಕೈ ಸ್ವಲ್ಪ ನಿಧಾನ ಬರಲಿ ಅಂದ ದಿನ ಎರಡು ತುಂಡಿನಲ್ಲೂ ಕೀ ತಿದ್ದುತ್ತಾ ಕೂರಬೇಕಾಗುತ್ತದೆ.

ಮತ್ತೊಬ್ಬ ಸದಸ್ಯರು: ನಾನು ಟೂನ್ ಬೂಮ್ ಹಾರ್ಮನಿ ಸಾಫ್ಟ್‌ವೇರ್‌ನಲ್ಲಿ ಝಡ್‌ಗೆ ಕೀ ಹಾಕಿದ್ದೇನೆ. ಕೈ ಮುಂದೆ ಬರುತ್ತದೆ, ಆದರೆ ನಾನು ಹಾಕಿದ ಫ್ರೇಮ್‌ನಲ್ಲಿ ಅಲ್ಲ, ನಾಲ್ಕೈದು ಫ್ರೇಮ್ ಮುಂಚೆ. ಒಂದು ಶಾಟ್‌ನಲ್ಲಂತೂ ಮುಂದೆ ಬಂದು, ಮೈಯೊಳಗೆ ಮುಳುಗಿ, ಮತ್ತೆ ಬಂತು!

ಉತ್ತರ: ಝಡ್ ಒಂದು ಸಂಖ್ಯೆ. ಎರಡು ಕೀ ನಡುವೆ ಅದೂ ಮೆಲ್ಲಗೆ ಏರುತ್ತದೆ. 10ರಲ್ಲಿ ಹಿಂದೆ, 20ರಲ್ಲಿ ಅಷ್ಟೇ ಮುಂದೆ ಅಂತ ಕೀ ಹಾಕಿದರೆ ಮೈಯನ್ನು ದಾಟೋದು ಸುಮಾರು 15ರಲ್ಲಿ. ಕರ್ವ್ ಸ್ವಲ್ಪ ಡೊಂಕಾಗಿ ಮೈಯ ಮಟ್ಟವನ್ನು ಎರಡು ಸಲ ದಾಟಿದರೆ ನೀವು ಹೇಳಿದ ಮುಳುಗಾಟ. ಝಡ್ ಕೀಗಳನ್ನು ಸ್ಟಾಪ್ ಮೋಷನ್ ಕೀ (ಮುಂದಿನ ಕೀವರೆಗೆ ಸಂಖ್ಯೆ ಅಲುಗದ ಕೀ) ಮಾಡಿ, ಮುಗೀತು.

ಮಾಡಲು ಹೋದಾಗ ಎಕ್ಸ್, ವೈ ಕೂಡ ನಿಂತು ನಿಂತು ಹಾರಿದರೆ ಪೆಗ್‌ನ (ತುಂಡನ್ನು ಅಲುಗಿಸುವ ಹಿಡಿಯ) ಪೊಸಿಷನ್ ನೋಡಿ. ಅದು ತ್ರೀಡಿ ಪಾತ್ ಆಗಿದ್ದರೆ ಮೂರಕ್ಕೂ ಒಂದೇ ಕೀ. ಸೆಪರೇಟ್ ಮಾಡಿದರೆ ಝಡ್‌ಗೆ ತನ್ನದೇ ಕರ್ವ್ ಸಿಗುತ್ತದೆ. ಝಡ್ ಸಂಖ್ಯೆ ಟೈಪ್ ಮಾಡಬೇಡಿ, ಟ್ರಾನ್ಸ್‌ಫಾರ್ಮ್ ಟೂಲ್‌ನಲ್ಲಿ ಆಲ್ಟ್ ಹಿಡಿದು ಮೇಲಿನ ಅಥವಾ ಕೆಳಗಿನ ಬಾಣ ಒತ್ತಿ. ಎಷ್ಟು ಚೂರು ಸರಿಯುತ್ತದೆ ಅಂದರೆ ಅಳತೆಯಲ್ಲಿ ವ್ಯತ್ಯಾಸವೇ ಕಾಣೋದಿಲ್ಲ. ಅಂದ ಹಾಗೆ ಒಳಗಿನ ಕಾಂಪೋಸಿಟ್ ನೋಡ್ (ತುಂಡುಗಳನ್ನು ಒಟ್ಟು ಸೇರಿಸುವ ನೋಡ್) ಆಸ್ ಬಿಟ್‌ಮ್ಯಾಪ್‌ನಲ್ಲಿದ್ದರೆ ಅದರೊಳಗಿನ ತುಂಡುಗಳ ಝಡ್ ಹೊರಗಿನವರಿಗೆ ಸಿಗೋದಿಲ್ಲ, ಪಾಸ್ ಥ್ರೂ ಮಾಡಿ.

ನೀವು ಎರಡೆರಡು ಫ್ರೇಮ್‌ಗೆ ಒಂದು ಭಂಗಿ ಇಟ್ಟು ಮಾಡುತ್ತಿದ್ದರೆ ಇದನ್ನೂ ಗಮನಿಸಿ. ಭಂಗಿ ಬದಲಾಗುವ ಫ್ರೇಮ್‌ನಲ್ಲೇ ಕ್ರಮವೂ ಬದಲಾಗಬೇಕು. ಭಂಗಿ 11ರಲ್ಲಿ ಬದಲಾಗಿ ಕ್ರಮ 12ರಲ್ಲಿ ಬದಲಾದರೆ, ನಿಂತ ಚಿತ್ರದೊಳಗೆ ಒಂದು ಗೆರೆ ಮಿಣುಕ್ ಅನ್ನುತ್ತದೆ. ಏನು ತಪ್ಪಿದೆ ಅಂತ ನೋಡುವವರಿಗೆ ಹೇಳಲು ಬರೋದಿಲ್ಲ, ಆದರೆ ಏನೋ ತಪ್ಪಿದೆ ಅಂತ ಅನ್ನಿಸುತ್ತದೆ.

ಹೊಸ ಸದಸ್ಯರು: ಪಕ್ಕದಿಂದ ಕಾಣುವ ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ಕಾಲಿನ ಲೇಯರ್ ಅದಲುಬದಲು ಮಾಡಬೇಕಾ?

ಉತ್ತರ: ಬೇಡ. ಆ ಕಡೆಯ ಕಾಲು ಎಷ್ಟು ಮುಂದೆ ಹೆಜ್ಜೆ ಇಟ್ಟರೂ ಆ ಕಡೆಯದೇ. ಹೆಜ್ಜೆಗೊಮ್ಮೆ ಅದಲುಬದಲು ಮಾಡಿದರೆ ಕಾಲು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಪಾತ್ರ ತಿರುಗಿ ವಾಪಸ್ ನಡೆದಾಗ ಮಾತ್ರ ಕಾಲು, ಕೈ ಎರಡೂ ಬದಲಾಗಬೇಕು, ಅದನ್ನು ತಿರುಗುವ ಭಂಗಿಯ ಮಧ್ಯದಲ್ಲಿ ಮುಗಿಸಿ. ತಲೆ ತಿರುಗುವಾಗಲೂ ಹೀಗೆ. ಆ ಕಡೆಯ ಕಿವಿ ಮುಖದ ಅಂಚಿಗೆ ಬಂದು ತೆಳ್ಳಗಾದ ಫ್ರೇಮ್‌ನಲ್ಲಿ ಅದನ್ನು ಮುಖದ ಹಿಂದೆ ಹಾಕಿ.

ಇನ್ನೊಬ್ಬರು: ಉಚಿತ ಸಾಫ್ಟ್‌ವೇರ್‌ನಲ್ಲಿ ಇದೆಲ್ಲ ಆಗುತ್ತಾ?

ಉತ್ತರ: ಆಗುತ್ತದೆ. ಓಪನ್‌ಟೂನ್ಝ್‌ನ ಅನಿಮೇಟ್ ಟೂಲ್‌ನಲ್ಲಿ ಎಸ್‌ಓ ಅಂತ ಒಂದು ಸಂಖ್ಯೆ ಇದೆ, ಒಂದೇ ಝಡ್‌ನಲ್ಲಿರುವ ತುಂಡುಗಳ ಕ್ರಮ ಅದು. ಅದಕ್ಕೆ ಕೀ ಹಾಕಬಹುದು. 2016ರಿಂದ ಓಪನ್‌ಟೂನ್ಝ್ ಎಲ್ಲರಿಗೂ ಉಚಿತ. ಸಿನ್‌ಫಿಗ್‌ನಲ್ಲಿ ಝಡ್ ಡೆಪ್ತ್ ಅನ್ನು ಅನಿಮೇಟ್ ಮಾಡಬಹುದು. ಬ್ಲೆಂಡರ್‌ನ ಗ್ರೀಸ್ ಪೆನ್ಸಿಲ್‌ನಲ್ಲಿ ಲೇಯರ್ ಸಾಲಿಗೆ ಕೀ ಇಲ್ಲ. ಕೈಯನ್ನು ಬೇರೆ ಆಬ್ಜೆಕ್ಟ್ ಮಾಡಿ, ಕ್ಯಾಮೆರಾ ಕಡೆಗೆ ಒಂದು ಚೂರು ಸರಿಸಿ.

ಗೇಮ್ ಮಾಡುವ ಸದಸ್ಯರು: ಸ್ಪೈನ್‌ನಲ್ಲಿ ಡ್ರಾ ಆರ್ಡರ್ ಕೀ ಸರಿಯಾಗಿದೆ. ಗೇಮ್‌ನಲ್ಲಿ ಒಂದು ಅನಿಮೇಷನ್‌ನಿಂದ ಇನ್ನೊಂದಕ್ಕೆ ಮಿಕ್ಸ್ ಆಗುವಾಗ ಕತ್ತಿ ಫಕ್ ಅಂತ ಬೆನ್ನ ಹಿಂದೆ ಹೋಗುತ್ತದೆ. ಮಿಕ್ಸ್ ಸಮಯ ಜಾಸ್ತಿ ಮಾಡಿದರೂ ಅಷ್ಟೇ.

ಉತ್ತರ: ಮಿಕ್ಸ್ ಆಗೋದು ತಿರುವು, ಜಾಗ, ಅಳತೆಯಂಥವು. ಕ್ರಮ ಅರ್ಧ ಮಿಕ್ಸ್ ಆಗಲಾರದು. ಎರಡನೇ ಅನಿಮೇಷನ್‌ನಲ್ಲಿ ಡ್ರಾ ಆರ್ಡರ್ ಕೀಯೇ ಇಲ್ಲದಿದ್ದರೆ ಸೆಟಪ್ ಪೋಸ್‌ನ (ರಿಗ್ಗಿನ ಮೂಲ ಭಂಗಿಯ) ಕ್ರಮಕ್ಕೆ ವಾಪಸ್ ಹೋಗುತ್ತದೆ, ಅದೂ ಕತ್ತಿ ಇನ್ನೂ ಎದೆಯ ಮುಂದೆ ಇರುವಾಗಲೇ. ಕತ್ತಿ ಮುಂದೆಯೇ ಇರಬೇಕು ಅನ್ನುವ ಅನಿಮೇಷನ್‌ಗಳ ಮೊದಲ ಫ್ರೇಮ್‌ನಲ್ಲೇ ಡ್ರಾ ಆರ್ಡರ್ ಕೀ ಹಾಕಿಡಿ. ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರಲೇಬೇಕಾದರೆ ನಡುವೆ ಒಂದು ಪುಟ್ಟ ಅನಿಮೇಷನ್ ಮಾಡಿ, ಕತ್ತಿ ಮೈಯಿಂದ ಹೊರಗೆ ಬೀಸಿ ಹೋಗಲಿ, ಅಲ್ಲಿ ಬದಲಿಸಿ.

ಅದೇ ಸದಸ್ಯರು: ಸರಿ ಮೇಡಂ. ಇನ್ನೊಂದು ಪಾತ್ರ ಯೂನಿಟಿ ಗೇಮ್ ಎಂಜಿನ್‌ನಲ್ಲೇ ಬಿಡಿ ಸ್ಪ್ರೈಟ್‌ಗಳಿಂದ (ಚಿತ್ರದ ತುಂಡುಗಳಿಂದ) ಮಾಡಿದ್ದು. ಆರ್ಡರ್ ಇನ್ ಲೇಯರ್‌ಗೆ ಕೀ ಹಾಕಿದ್ದೇನೆ, ಒಬ್ಬನೇ ಇದ್ದಾಗ ಚೆನ್ನಾಗಿದೆ. ಇಬ್ಬರು ಎದುರುಬದುರು ದಾಟಿದರೆ ಒಬ್ಬನ ಕೈ ಇನ್ನೊಬ್ಬನ ಹೊಟ್ಟೆಗೂ ಬೆನ್ನಿಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ಉತ್ತರ: ಆ ಸಂಖ್ಯೆ ಪಾತ್ರದೊಳಗಿನದಲ್ಲ, ಇಡೀ ಸಾರ್ಟಿಂಗ್ ಲೇಯರ್‌ಗೆ ಸೇರಿದ್ದು. ಇಬ್ಬರ ತುಂಡುಗಳೂ ಒಂದೇ ಸಾಲಿನಲ್ಲಿ ನಿಂತು ಕಲಸಿಹೋಗುತ್ತಿವೆ. ಪ್ರತಿ ಪಾತ್ರದ ಮೇಲಿನ ಆಬ್ಜೆಕ್ಟ್‌ಗೆ ಸಾರ್ಟಿಂಗ್ ಗ್ರೂಪ್ ಕಾಂಪೊನೆಂಟ್ ಹಾಕಿ. ಆಗ ಕೈಯ ಸಂಖ್ಯೆ ಆ ಪಾತ್ರದೊಳಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಇಬ್ಬರಲ್ಲಿ ಯಾರು ಮುಂದೆ ಅನ್ನೋದನ್ನು ಗ್ರೂಪ್‌ನ ಸಂಖ್ಯೆ ತೀರ್ಮಾನಿಸುತ್ತದೆ. ಇಬ್ಬರೂ ತಬ್ಬಿಕೊಳ್ಳುವ ಶಾಟ್ ಇದ್ದರೆ ಮಾತ್ರ ಇದು ಉಲ್ಟಾ ಹೊಡೆಯುತ್ತದೆ, ಅಲ್ಲಿ ಒಬ್ಬನ ಕೈ ಇನ್ನೊಬ್ಬನ ಬೆನ್ನ ಹಿಂದೆ ಹೋಗಲೇಬೇಕು. ಅಂಥ ಕಡೆ ಇಬ್ಬರನ್ನೂ ಒಂದೇ ಗ್ರೂಪ್‌ನೊಳಗೆ ತಂದು ಆ ಶಾಟ್‌ಗೇ ಬೇರೆ ಪ್ರೀಫ್ಯಾಬ್ (ಮತ್ತೆ ಬಳಸಬಹುದಾದ ಸಿದ್ಧ ಆಬ್ಜೆಕ್ಟ್) ಮಾಡಿಕೊಳ್ಳಿ.