ಪಾರ್ಕಿಂಗ್ ಲೈಟ್ ಫ್ಯೂಸ್ ಪದೇ ಪದೇ ಹೋಗ್ತಿದೆ, ಶಾರ್ಟ್ ಎಲ್ಲಿದೆ ಅಂತ ಹುಡುಕೋದು ಹೇಗೆ?

ಸಾಗರ_ರಸ್ತೆ:
ಎಲ್ರಿಗೂ ನಮಸ್ಕಾರ. ನಮ್ದು ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮಳೆಗಾಲ ಶುರುವಾದಾಗಿಂದ ಪಾರ್ಕಿಂಗ್ ಲೈಟಿನ ಕೆಂಪು ಫ್ಯೂಸ್, 10 ಆಂಪ್ಸ್‌ದು, ಸುಟ್ಟು ಹೋಗ್ತಾನೇ ಇದೆ, ಹೊಸದು ಹಾಕಿದ್ರೆ ಒಮ್ಮೊಮ್ಮೆ ಕೆಲವು ದಿನ ಬರುತ್ತೆ, ಒಮ್ಮೊಮ್ಮೆ ಸ್ವಿಚ್ ತಿರುಗಿಸಿದ ತಕ್ಷಣ ಹೋಗುತ್ತೆ. ಹೋದಾಗ ಹಿಂದಿನ ಲೈಟು, ನಂಬರ್ ಪ್ಲೇಟ್ ಲೈಟು, ಮೀಟರ್ ಲೈಟು ಎಲ್ಲಾ ಒಟ್ಟಿಗೆ ಆಫ್. ಈ ಮಳೆ ಮಂಜಲ್ಲಿ ಹಿಂದೆ ಬರೋ ಲಾರಿಯವರಿಗೆ ನಮ್ ಗಾಡಿ ಕಾಣೋದೇ ಇಲ್ಲ, ಅದೇ ಭಯ. ಇಲ್ಲಿನ ಎಲೆಕ್ಟ್ರಿಷಿಯನ್ ಹಳದಿ ಫ್ಯೂಸ್ ಹಾಕ್ಬಿಡೋಣ ನಿಲ್ಲುತ್ತೆ ಅಂದ್ರು, ಬೇಡ ಅಂತ ವಾಪಸ್ ಬಂದೆ. ಮಲ್ಟಿಮೀಟರ್ ಇದೆ. ಕಂಟಿನ್ಯೂಟಿಲಿ (ಎರಡು ತುದಿ ನಡುವೆ ದಾರಿ ಇದ್ರೆ ಬೀಪ್ ಹೊಡೆಯೋ ಸೆಟ್ಟಿಂಗ್) ಇಟ್ಟು ಫ್ಯೂಸ್ ಸಾಕೆಟ್ಟಿಗೂ ಗಾಡಿಯ ಕಬ್ಬಿಣದ ಬಾಡಿಗೂ ನಡುವೆ ನೋಡಿದ್ರೆ ಬೀಪ್ ಬರುತ್ತೆ, ಹಾಗಾದ್ರೆ ಶಾರ್ಟ್ ಇದೆ, ಅಂದ್ರೆ ಕರೆಂಟ್ ವೈರ್ ಎಲ್ಲೋ ಬಾಡಿಗೋ ಅರ್ಥ್ ವೈರಿಗೋ ತಾಗಿದೆ ಅಂತಾನೇ ಅಲ್ವಾ? ಹೋದ ವರ್ಷ ಸ್ಟೀರಿಯೋ ಬೇರೆ ಬದಲಾಯಿಸಿದ್ವಿ. ಎಲ್ಲಿಂದ ಶುರು ಮಾಡ್ಲಿ?

ವೈರಿಂಗ್_ಗುರು:
ಹಳದಿ ಬೇಡ ಅಂದಿದ್ದು ತುಂಬಾ ಒಳ್ಳೇದಾಯ್ತು ಸರ್. ಹಳದಿ ಅಂದ್ರೆ 20 ಆಂಪ್ಸ್, ಫ್ಯೂಸ್ ಇರೋದು ವೈರ್ ಕಾಪಾಡಕ್ಕೆ, ಆ ಸಣ್ಣ ವೈರಿಗೆ 20 ಹಾಕಿದ್ರೆ ಫ್ಯೂಸ್ ಉಳಿಯುತ್ತೆ, ಕಾರ್ಪೆಟ್ ಕೆಳಗೆ ವೈರ್ ಕರಗುತ್ತೆ.

ಬೀಪ್ ನಂಬ್ಬೇಡಿ. ತಣ್ಣಗಿರೋ 5 ವ್ಯಾಟ್ ಬಲ್ಬಿನ ಫಿಲಮೆಂಟು ಎರಡು ಮೂರು ಓಮ್ ಅಷ್ಟೇ ತೋರ್ಸೋದು, ಅಂಥವು ನಾಲ್ಕು ಐದು ಒಂದೇ ಲೈನಲ್ಲಿದ್ರೆ ಒಂದು ಓಮಿಗಿಂತ ಕಮ್ಮಿ, ಮೀಟರ್ ಬೀಪ್ ಹೊಡೆದೇ ಹೊಡೆಯುತ್ತೆ. ಮೊದ್ಲು ಆ ಲೈನಿನ ಬಲ್ಬ್ ಎಲ್ಲಾ ಬಿಚ್ಚಿ.

ಆಮೇಲೆ ಒಂದು 21 ವ್ಯಾಟ್ ಇಂಡಿಕೇಟರ್ ಬಲ್ಬ್, ಹೋಲ್ಡರ್ ಸಮೇತ ತಗೊಳ್ಳಿ, ಎರಡು ವೈರಿಗೂ ಚಪ್ಪಟೆ ಟರ್ಮಿನಲ್ ಹಾಕಿ, ಫ್ಯೂಸ್ ಜಾಗದಲ್ಲಿ ಇದನ್ನ ಸಿಗ್ಸಿ ಪಾರ್ಕಿಂಗ್ ಸ್ವಿಚ್ ಆನ್ ಮಾಡಿ. ಶಾರ್ಟ್ ಇದ್ರೆ ಈ ಬಲ್ಬ್ ಫುಲ್ ಉರಿಯುತ್ತೆ, ಆದ್ರೆ ಅದರಲ್ಲಿ ಹೋಗೋದು ಎರಡು ಆಂಪ್ಸಿಗಿಂತ ಕಮ್ಮಿ ಆದ್ರಿಂದ ವೈರಿಗೆ ಏನೂ ಆಗಲ್ಲ, ಫ್ಯೂಸೂ ದಂಡ ಆಗಲ್ಲ. ಹಾಗೇ ಉರೀತಿರ್ಲಿ, ಒಬ್ರು ಬಲ್ಬ್ ನೋಡ್ತಾ ಇರಿ, ಇನ್ನೊಬ್ರು ವೈರಿಂಗ್ ಅಲ್ಲಾಡಿಸ್ತಾ ಒಂದೊಂದೇ ಕನೆಕ್ಟರ್ ಬಿಚ್ತಾ ಹೋಗ್ಲಿ. ಯಾವುದನ್ನ ಮುಟ್ಟಿದಾಗ ಆರುತ್ತೋ ಶಾರ್ಟ್ ಆ ಕಡೆ. ಹಳದಿ ಕವರಿನ ಏರ್‌ಬ್ಯಾಗ್ ಕನೆಕ್ಟರ್ ಮಾತ್ರ ಮುಟ್ಬೇಡಿ, ಮೀಟರ್ ಕೂಡ ಹಚ್ಚಬೇಡಿ.

ಕರಾವಳಿ_ಡ್ರೈವರ್:
ಸ್ಟೀರಿಯೋ ಬದಲಾಯಿಸಿದ್ದೀರಿ ಅಂದ್ರೆ ಅದರ ಹಿಂದೆ ಕಿತ್ತಳೆ ಬಣ್ಣದ ವೈರ್ ನೋಡಿ, ಬಿಳಿ ಗೆರೆ ಇರ್ಬಹುದು. ಅದು ಇಲ್ಯುಮಿನೇಷನ್ ಲೈನ್ (ಸ್ಟೀರಿಯೋ ಬಟನ್ ಲೈಟಿಗೆ ಸಂಬಂಧಿಸಿದ ವೈರ್), ಪಾರ್ಕಿಂಗ್ ಸರ್ಕ್ಯೂಟಿಂದಾನೇ ಬರೋದು. ಸುಮಾರು ಕಡೆ ಅದನ್ನ ಟೇಪ್ ಕೂಡ ಸುತ್ತದೆ ಹಾಗೇ ಬಿಟ್ಟಿರ್ತಾರೆ, ಗಾಡಿ ಕುಲುಕಿದಾಗ ಡ್ಯಾಶ್ ಒಳಗಿನ ಕಬ್ಬಿಣಕ್ಕೆ ತಾಗುತ್ತೆ. ಮಳೆಗಾಲ ಅಂದ್ರಲ್ಲ, ಇಲಿ ಕಡಿದಿದ್ಯಾ ಅಂತ ಬಾನೆಟ್ ಒಳಗೂ ಒಂದ್ಸಲ ಟಾರ್ಚ್ ಹಾಕಿ ನೋಡ್ಬಿಡಿ.

ಸಾಗರ_ರಸ್ತೆ:
ತುಂಬಾ ಥ್ಯಾಂಕ್ಸ್ ಸರ್. ಇವತ್ತು ತಮ್ಮನ್ನ ಜೊತೆಗಿಟ್ಕೊಂಡು ಮಾಡಿದೆ. ಸ್ಟೀರಿಯೋ ಹಿಂದೆ ಎಲ್ಲಾ ನೀಟಾಗಿದೆ, ಇಲಿ ಗುರುತೂ ಇಲ್ಲ. ಬಲ್ಬ್ ಹಾಕಿದ್ರೆ ಮೊದ್ಲು ಉರೀಲೇ ಇಲ್ಲ, ಎಲ್ಲಾ ಅಲ್ಲಾಡಿಸಿದ್ರೂ ಇಲ್ಲ, ಆಮೇಲೆ ಹಿಂದಿನ ಬಲ್ಬ್ ನೋಡೋಣ ಅಂತ ಡಿಕ್ಕಿ ಎತ್ತಿದ್ರೆ ಅರ್ಧಕ್ಕೆ ಬರೋ ಹೊತ್ತಿಗೆ ಫುಲ್ ಉರೀತು! ಇಳಿಸಿದ್ರೆ ಆಫ್. ಮೇಲ್ಗಡೆ ಡಿಕ್ಕಿ ಬಾಗಿಲಿನ ಕೀಲು (ಹಿಂಜ್) ಹತ್ರ ಇರೋ ಸುಕ್ಕು ಸುಕ್ಕು ರಬ್ಬರ್ ಪೈಪ್ ಕಿತ್ತು ನೋಡಿದ್ರೆ ಒಳಗೆ ಮೂರು ವೈರಿನ ಸಿಪ್ಪೆ ಬಿರುಕು ಬಿಟ್ಟಿದೆ, ನಂಬರ್ ಪ್ಲೇಟ್ ಲೈಟಿಂದು ಅಂತೂ ತಾಮ್ರ ಹಸಿರು ತಿರುಗಿ ಒಂದೆರಡು ಎಳೆ ಮೇಲೆ ಮಾತ್ರ ನಿಂತಿದೆ, ಪಕ್ಕದ ಕಪ್ಪು ಅರ್ಥ್ ವೈರಿಗೆ ತಾಗ್ತಾ ಇದೆ. ಟೇಪ್ ಸುತ್ತಿದ್ರೆ ಸಾಕಾ?

ವೈರಿಂಗ್_ಗುರು:
ಸಿಕ್ತಲ್ಲ, ಖುಷಿ ಆಯ್ತು! ಹ್ಯಾಚ್‌ಬ್ಯಾಕ್‌ಗಳಲ್ಲಿ ಇದು ಮಾಮೂಲಿ ಜಾಗ, ದಿನಾ ಡಿಕ್ಕಿ ಎತ್ತಿ ಇಳಿಸಿ ವೈರ್ ಅದೇ ಕಡೆ ಮಡಚಿ ಮಡಚಿ ಒಡೆಯುತ್ತೆ, ಮಳೆ ನೀರು ಸೇರಿದ್ಮೇಲೆ ಇನ್ನೂ ಬೇಗ.

ಟೇಪ್ ಸಾಲಲ್ಲ, ಬಿಸಿಲಿಗೆ ಅಂಟು ಕರಗಿ ಬಿಚ್ಕೊಳ್ಳುತ್ತೆ. ಬ್ಯಾಟರಿ ಮೈನಸ್ ತೆಗೆದು, ಬಿರುಕು ಬಿಟ್ಟ ಮೂರನ್ನೂ ಕತ್ತರಿಸಿ, ಎಳೆ ಜಾಸ್ತಿ ಇರೋ ಮೆತ್ತನೆ ವೈರ್ ಸೇರ್ಸಿ, ಹಸಿರು ಹಿಡಿದ ಭಾಗ ಪೂರ್ತಿ ತೆಗೀರಿ, ಅದಕ್ಕೆ ಬೆಸುಗೆ ಹಿಡಿಯಲ್ಲ. ಜಾಯಿಂಟ್ ಮಡಚೋ ಜಾಗದಲ್ಲಿ ಬರಬಾರ್ದು, ರಬ್ಬರ್ ಪೈಪಿನ ಆಚೆ ಈಚೆ ಬಾಡಿ ಒಳಗೆ ಬರ್ಬೇಕು, ಮೂರೂ ಒಂದೇ ಅಳತೇಲಿ ಬೇಡ, ಹಿಂದೆ ಮುಂದೆ ಇರ್ಲಿ. ವೈರ್ ಸೇರಿಸೋ ಮೊದಲೇ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದ್ರೆ ಕುಗ್ಗಿ ಜಾಯಿಂಟ್ ಹಿಡಿಯೋ ಪ್ಲಾಸ್ಟಿಕ್ ಕೊಳವೆ) ತೂರಿಸಿಡಿ. ಹೊಸ ವೈರ್ ಸ್ವಲ್ಪ ಉದ್ದ ಬಿಡಿ, ಡಿಕ್ಕಿ ಪೂರ್ತಿ ಎತ್ತಿದಾಗ ಎಳೀಬಾರ್ದು. ಕೊನೇಗೆ ಬ್ಯಾಟರಿ ಮೈನಸ್ ವಾಪಸ್ ಹಾಕಿ, ಫ್ಯೂಸ್ ಜಾಗದಲ್ಲಿ ಅದೇ 21 ವ್ಯಾಟ್ ಬಲ್ಬ್ ಹಾಕಿ, ಪಾರ್ಕಿಂಗ್ ಸ್ವಿಚ್ ಆನ್ ಮಾಡಿ ಡಿಕ್ಕಿ ಚೆನ್ನಾಗಿ ಎತ್ತಿ ಇಳಿಸಿ ನೋಡಿ, ಉರೀಲಿಲ್ಲ ಅಂದ್ರೆ ಬಲ್ಬ್ ಎಲ್ಲಾ ವಾಪಸ್ ಹಾಕಿ ಕೆಂಪು ಫ್ಯೂಸ್ ಹಾಕ್ಬಿಡಿ.