ಸಹಾಯ ಬೇಕ್ರೀ: ಲೇಟ್ ಗೆಳ್ಯಾರ್ನ ಟೈಮಿಗೆ ಸ್ಟೇಷನ್ನಿಗೆ ತರೂದ್ ಹೆಂಗ?

ನಮಸ್ಕಾರ್ರೀ ಎಲ್ಲಾರ್ಗೂ, ಮುಂದಿನ ವಾರ ಗೆಳ್ಯಾರೆಲ್ಲಾ ಕೂಡಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಟ್ರೇನ್ ಹಿಡೀಬೇಕು, ಅದ್ರಾಗ ಇಬ್ರು ಧಾರವಾಡದಾವ್ರು, ಯಾವಾಗ್ ಫೋನ್ ಹಚ್ಚಿದ್ರೂ "ನವನಗರ ದಾಟೇನಿ ನಡಿ" ಅಂತಾರ, ಹಿಂದ ಮನಿ ಕುಕ್ಕರ್ ಸೀಟಿ ಕೇಳಸ್ತಿರತೈತಿ! ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ಸಿಗೆ ಬ್ಯಾರೇ ಲೇನ್ ಐತಿ, ಟ್ರಾಫಿಕ್ ಅಂತ ನೆಪ ಹೇಳಾಕೂ ಬರಂಗಿಲ್ಲ. ಮದುವಿಗೆ ಲೇಟಾದ್ರ ನಡೀತೈತಿ, ಊಟರ ಸಿಗತೈತಿ, ಟ್ರೇನ್ ಕಾಯ್ತೈತೇನ್ರೀ? ನಮ್ಮ ಸ್ಟೇಷನ್ನಿನ ಉದ್ದನ್ನ ಪ್ಲಾಟ್‌ಫಾರ್ಮ್ ಬ್ಯಾರೇ 1507 ಮೀಟರ್, ಬೋಗಿ ಆ ತುದಿಗೆ ನಿಂತ್ರ ಲಗೇಜ್ ಹೊತ್ಕೊಂಡ್ ಓಡಾವ್ರ್ಯಾರು.

ಸುಳ್ಳ ಟೈಮ್ ಹೇಳೂಣಂದ್ರ ಟಿಕೆಟ್ ಅವ್ರ ಮೊಬೈಲ್‌ನ್ಯಾಗೂ ಐತಿ. ಹಿಂದಿನ ರಾತ್ರಿನ ಕರ್ಕೊಂಡ್ ಬರ್ತೀನಂದ್ರ ಮನಿಯಾಕಿ ಒಲ್ಲೆ ಅಂತಾಳ. ಬೈಯೂದೂ ಆತು, ಸಿಟ್ಟಾಗೂದೂ ಆತು, ನಗ್ತಾರ ಅಷ್ಟ. ನಿಮ್ಮ ಕಡೆ ಏನರ ಐಡಿಯಾ ಇದ್ರ ಹೇಳ್ರೀ, ಬಿಟ್ಟ ಹೋಗ್ರಿ ಅನ್ಬ್ಯಾಡ್ರಿ, ರೂಮ್ ಬುಕ್ ಆಗಿದ್ದ ಅವ್ರ ಹೆಸರಿಗೆ.